ನೆಪ್ಚೂನ್ ಕಟ್ಟುವವರು ನೀರಿನ ಮಟ್ಟದಲ್ಲೇ ನಿಲ್ಲಿಸಿ

ಇಟಲಿಯ ಜಿನೋವಾ ಬಂದರಿನ ನೆಪ್ಚೂನ್ ಹಡಗಿನ ಫೋಟೊ ಹಾಕಿ, ಅದರ ಪುಟ್ಟ ಮಾದರಿ ಕಟ್ಟಲು ಕೀಲ್‌ನಿಂದ (ತಳದ ಬೆನ್ನೆಲುಬಿನ ಮರ) ಕೂವೆಮರದವರೆಗೂ ಅದು ಕಾಣುವ ಸಿನಿಮಾ ನೋಡಿಯೇ ಅಳತೆ ತೆಗೆಯುತ್ತೇನೆ ಎಂದಿದ್ದೀರಿ. ದಯವಿಟ್ಟು ಪ್ಲೈವುಡ್‌ಗೆ ಗರಗಸ ಹಾಕಬೇಡಿ. ನನ್ನ ಮೊದಲ ನೆಪ್ಚೂನ್ ಕೆಟ್ಟದ್ದು ಇದೇ ದಾರಿಯಲ್ಲಿ. ಹೊಟ್ಟೆಯ ಆಕಾರವನ್ನು ಊಹಿಸಿ ಚೌಕಟ್ಟು ಕತ್ತರಿಸಿದ್ದೆ. ಮುಂಬದಿಯಲ್ಲಿ ಚೌಕಟ್ಟಿನ ಮೇಲೆ ಹೊದಿಸಿದ ಮರದ ಪಟ್ಟಿಗಳು ಒಂದರ ಮೇಲೊಂದು ಏರಿದವು. ಸಂದಿಗೆ ತುಂಬಿದ ಪುಟ್ಟಿ ಬೇಸಿಗೆಯಲ್ಲಿ ಬಿರಿಯಿತು.

ರೋಮನ್ ಪೊಲಾನ್‌ಸ್ಕಿಯ ‘ಪೈರೇಟ್ಸ್’ (1986) ಚಿತ್ರಕ್ಕಾಗಿ ಟ್ಯುನೀಷಿಯಾದಲ್ಲಿ ಕಟ್ಟಿದ ಹಡಗು ಅದು. ನೀರಿನ ಮೇಲೆ 17ನೇ ಶತಮಾನದ ಸ್ಪ್ಯಾನಿಷ್ ಗ್ಯಾಲಿಯನ್ (ದೊಡ್ಡ ಹಾಯಿಹಡಗು), ಕೆಳಗೆ ಉಕ್ಕಿನ ಒಡಲು, ಜೊತೆಗೆ ಎಂಜಿನ್. ಆ ತಳವನ್ನು ನಕಲು ಮಾಡಿದರೆ ಗ್ಯಾಲಿಯನ್ ಆಗುವುದಿಲ್ಲ. ‘ವಾಸಾ’ ಹಡಗಿನ ತಳ ಜೋಡಿಸಿ ಎಂದು ಮೇಲಿನ ಪ್ರತಿಕ್ರಿಯೆಯಲ್ಲಿ ಒಬ್ಬರು ಸಲಹೆ ಕೊಟ್ಟಿದ್ದಾರೆ. ಅದೂ ಬೇಡ. 1628ರಲ್ಲಿ ಮುಳುಗಿದ ಆ ಸ್ವೀಡನ್ ಹಡಗು ಡಚ್ಚರ ಪದ್ಧತಿಯದು.

ಮಾದರಿಯ ಒಡಲನ್ನು ನೀರಿನ ಮಟ್ಟಕ್ಕೆ ಕತ್ತರಿಸಿ ಕೃತಕ ಸಮುದ್ರದಲ್ಲಿ ಕೂರಿಸಿ. ಥರ್ಮಾಕೋಲ್ ಹಲಗೆಯಲ್ಲಿ ಹಡಗಿನ ಆಕಾರದ ಗುಳಿ ತೆಗೆಯಿರಿ. ಟಿಶ್ಯೂ ಕಾಗದವನ್ನು ಮುದುರಿ ಬಿಡಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಪದರ ಪದರವಾಗಿ ಅಂಟಿಸಿ. ಒದ್ದೆ ಇರುವಾಗಲೇ ಕುಂಚದ ಹಿಡಿಯಿಂದ ಅಲೆಗಳ ಏಣು ಎಬ್ಬಿಸಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದಕ್ಕೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಸ್ಪ್ರೇ ಬಣ್ಣ ಥರ್ಮಾಕೋಲನ್ನು ಕರಗಿಸುತ್ತದೆ, ಹತ್ತಿರಕ್ಕೂ ತರಬೇಡಿ. ಕ್ಯಾಮ್ಲಿನ್ ಅಕ್ರಿಲಿಕ್ ಧಾರಾಳ ಸಾಕು, ಆಮದು ಬಣ್ಣಕ್ಕೆ ದುಡ್ಡು ಸುರಿಯಬೇಡಿ. ಮೊದಲು ಹಸಿರು ಬೆರೆತ ಬೂದು, ಕೊನೆಗೆ ನೀರಿನಲ್ಲಿ ಕರಗುವ ಹೊಳಪಿನ ವಾರ್ನಿಷ್. ಶಾಲೆಯ ಭೂಪಟದ ನೀಲಿ ಮಾತ್ರ ಬೇಡ.

‘ಸೋತ ಸಿನಿಮಾದ ಹಡಗು ಯಾಕೆ’ ಎಂದು ಹಂಗಿಸಿದವರಿಗೂ ಒಂದು ಮಾತು. ಚಿತ್ರ ಸೋತದ್ದು ನಿಜ: ಸುಮಾರು 4 ಕೋಟಿ ಡಾಲರ್ ಖರ್ಚಾಗಿ, ಅಮೆರಿಕದಲ್ಲಿ ಬಂದದ್ದು 16 ಲಕ್ಷದ ಆಸುಪಾಸು. ಮರದ ಕಾಲಿನ ಕ್ಯಾಪ್ಟನ್ ರೆಡ್ ಆಗಿ ವಾಲ್ಟರ್ ಮ್ಯಾಥೌ ಎಷ್ಟು ಹೆಣಗಿದರೂ ಹಾಸ್ಯ ಮೇಲೇಳುವುದಿಲ್ಲ. ಬೇಯಿಸಿದ ಇಲಿಯನ್ನು ತಿನ್ನಿಸುವ ದೃಶ್ಯದಲ್ಲಿ ನನಗೆ ಹೇಸಿಗೆಯಾಯಿತೇ ಹೊರತು ನಗು ಬರಲಿಲ್ಲ. ಆದರೆ ವೇಷಭೂಷಣಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು, ಹಡಗು ಇಂದಿಗೂ ಜನ ಹತ್ತಿ ನೋಡುವಂತಿದೆ. ಬಡಗಿಯ ಕೆಲಸಕ್ಕೆ ಚಿತ್ರಕಥೆಯ ತಪ್ಪನ್ನು ಕಟ್ಟುವುದು ಅನ್ಯಾಯ.

ಹಡಗಿನ ಮೂತಿಯಲ್ಲಿರುವ ನೆಪ್ಚೂನ್ (ರೋಮನ್ನರ ಸಮುದ್ರದೇವತೆ) ವಿಗ್ರಹಕ್ಕೆ ತೇಗ ಬಳಸಬೇಡಿ, ಎಳೆ ದಪ್ಪ, ಗಡ್ಡ ಕೆತ್ತುವಾಗ ಚಕ್ಕೆ ಏಳುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರದ ತುಂಡು ಸಿಕ್ಕರೆ ಬಿಡಬೇಡಿ. ಹಗ್ಗಗಳಿಗೆ ಹತ್ತಿ ದಾರವಾದರೆ ಜೇನುಮೇಣದ ಮೇಲೆ ಎಳೆದು ನಯ ಮಾಡಿಕೊಂಡೇ ಕಟ್ಟಿ.