ಮೇಷ್ಟ್ರ ಎಂ31 ಇನ್ನೂ ಓಡುತ್ತಾ?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಸಾಗರದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ ಇದೆ. 2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ31 ತೆಗೆದುಕೊಂಡೆ. ಇವತ್ತಿನವರೆಗೂ ರಿಪೇರಿಗೆ ಕೊಟ್ಟಿಲ್ಲ. ಈಗೀಗ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ. ಚಾರ್ಜರಿನ ಪಿನ್ನನ್ನು ಒಂದು ಕಡೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಬೆಂಗಳೂರಿನಲ್ಲಿರುವ ಮಗ ‘ಅಪ್ಪ, ಅದನ್ನ ಬಿಸಾಕು, 5ಜಿ ಫೋನ್ ಕಳಿಸ್ತೀನಿ’ ಎನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಹೊಸ ಫೋನಿನ ಮುಂದೆ ಇದು ನಿಜವಾಗಿ ಅಷ್ಟು ಹಿಂದೆ ಬಿದ್ದಿದೆಯೇ? ಪೆನ್ಷನ್ ಬರುವ ಬ್ಯಾಂಕಿನ ಆಪ್, ಯುಪಿಐ ಎಲ್ಲ ಇದರಲ್ಲೇ ಇವೆ.

ಉತ್ತರ: ಮೇಷ್ಟ್ರೇ, ನಿಮ್ಮ ಮನಸ್ಸು ಒಪ್ಪದೇ ಇರುವುದರಲ್ಲಿ ತಪ್ಪೇನೂ ಇಲ್ಲ. ಶಿವಮೊಗ್ಗದಲ್ಲಿ ಹದಿನಾಲ್ಕು ವರ್ಷ ರಿಪೇರಿ ಟೇಬಲ್ ಮುಂದೆ ಕೂತವಳು ನಾನು. ಎಂ31 ನನ್ನ ಕೈಗೆ ಬೇಕಾದಷ್ಟು ಬಂದಿದೆ. ಗಟ್ಟಿ ಫೋನು. ಆದರೆ ನಿಮ್ಮ ಕೊನೆಯ ಸಾಲು ಓದಿದಾಗ ಸ್ವಲ್ಪ ಆತಂಕವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಖರ್ಚಿಲ್ಲದ ಕೆಲಸ.

ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ ಅಂದಿರಲ್ಲ, ಚಾರ್ಜಿಂಗ್ ಪೋರ್ಟ್ ಹಾಳಾಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಫೋನ್ ಪೂರ್ತಿ ಆಫ್ ಮಾಡಿ, ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ. ನಡುವೆ ತೆಳುವಾದ ಒಂದು ನಾಲಿಗೆ ಕಾಣುತ್ತದೆ. ಅದರ ಹಿಂದೆ, ತಳದಲ್ಲಿ, ಬೂದು ಬಣ್ಣದ್ದು ಏನಾದರೂ ಮೆತ್ತಿಕೊಂಡಿದೆಯಾ? ಅಂಗಿ ಜೇಬಿನ ನೂಲು, ಅಡಿಕೆ ಸುಲಿಯುವ ಜಾಗದ ಧೂಳು, ಬೆವರು ಸೇರಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪಿನ್ ಪೂರ್ತಿ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಇನ್ನಷ್ಟು ತೆಳ್ಳಗೆ ಕೆತ್ತಿ, ನಾಲಿಗೆಗೆ ತಾಗಿಸದೆ, ಅಂಚಿನಿಂದ ಮೆಲ್ಲಗೆ ಕೆದಕಿ. ದೀಪದ ಬತ್ತಿಯ ತುಂಡಿನಂಥದ್ದು ಹೊರಗೆ ಬರುತ್ತದೆ. ಗುಂಡುಸೂಜಿ, ಹೇರ್‌ಪಿನ್ ಖಂಡಿತ ಬೇಡ. ಪೋರ್ಟ್ ಬದಲಾಯಿಸಿ ಅಂತ ನನ್ನ ಹತ್ತಿರ ತಂದ ಎಷ್ಟೋ ಫೋನುಗಳು ಇಷ್ಟರಲ್ಲೇ ಸರಿಯಾಗಿ ಮನೆಗೆ ಹೋಗಿವೆ.

ಇನ್ನು ಬ್ಯಾಟರಿ. ಎಂ31ರಲ್ಲಿ ಇರುವ ಬ್ಯಾಟರಿಯ ಸಾಮರ್ಥ್ಯ 6000 ಎಂಎಎಚ್. ಆಗ ಅದು ದೊಡ್ಡ ಮಾತು, ಈಗಲೂ ಸಣ್ಣದಲ್ಲ. ಆದರೆ ಲಿಥಿಯಂ ಬ್ಯಾಟರಿಗೆ ಎರಡು ಥರ ವಯಸ್ಸಾಗುತ್ತದೆ. ಚಾರ್ಜ್ ಆಗಿ ಖಾಲಿಯಾಗಿ ಸವೆಯುವುದು ಒಂದು, ಸುಮ್ನೆ ವರ್ಷ ಕಳೆದರೂ ಸೊರಗುವುದು ಇನ್ನೊಂದು. ಬಿಸಿ ಎರಡನ್ನೂ ಜಾಸ್ತಿ ಮಾಡುತ್ತದೆ. ಇಷ್ಟು ವರ್ಷ ದುಡಿದ ಬ್ಯಾಟರಿ ಮಧ್ಯಾಹ್ನಕ್ಕೆ ಸುಸ್ತಾದರೆ ಅದು ಫೋನಿನ ತಪ್ಪಲ್ಲ. ಬ್ಯಾಟರಿ ಬದಲಾಯಿಸುವುದು ಸೈಕಲ್ಲಿಗೆ ಟಯರ್ ಬದಲಾಯಿಸಿದ ಹಾಗೆ.

ಒಂದು ಪರೀಕ್ಷೆ ಇವತ್ತೇ ಮಾಡಿ. ಫೋನಿನ ಕವರ್ ತೆಗೆದು, ಸಮತಟ್ಟಾದ ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಟು, ಮೂಲೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಒತ್ತಿ. ಕ್ಯಾಮೆರಾ ಇರುವ ಕಡೆ ಸ್ವಲ್ಪ ಎತ್ತರ ಇರುತ್ತದೆ, ಅದನ್ನು ಬಿಡಿ. ಅದಲ್ಲದೆ ಹಿಂಬದಿ ನಡುವೆ ಉಬ್ಬಿದ್ದರೆ, ಅಂಚಿನಲ್ಲಿ ಬಿರುಕು ಬಿಟ್ಟಂತೆ ತೆರೆದುಕೊಂಡಿದ್ದರೆ, ಬ್ಯಾಟರಿ ಊದಿದೆ ಅಂತ ಅರ್ಥ. ಆ ಕ್ಷಣದಿಂದ ಚಾರ್ಜ್ ಹಾಕಬೇಡಿ, ಒತ್ತಿ ಕೂರಿಸಲು ಹೋಗಬೇಡಿ. ಒಮ್ಮೆ ಒಂದು ಫೋನಿನ ಹಿಂಬದಿಯನ್ನು ಬಿಸಿ ಮಾಡಿ ತೆಗೆದಾಗ, ಒಳಗಿದ್ದ ಬ್ಯಾಟರಿ ಎಣ್ಣೆಯಿಂದ ಆಗಷ್ಟೇ ಎತ್ತಿದ ಪೂರಿಯಂತೆ ದುಂಡಗೆ ಎದ್ದು ಕೂತಿತ್ತು. ಅದರ ಯಜಮಾನರು ರಾತ್ರಿಯಿಡೀ ಅದನ್ನು ದಿಂಬಿನ ಪಕ್ಕದಲ್ಲಿಟ್ಟು ಚಾರ್ಜ್ ಮಾಡುತ್ತಿದ್ದರು. ಅವತ್ತು ನನ್ನ ಕೈ ನಡುಗಿತು.

ಹೊಸ ಬ್ಯಾಟರಿಯನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ. ಹೊರಗೆ ಅಗ್ಗಕ್ಕೆ ಸಿಗುವುದರ ಮೇಲೆ 6000 ಅಂತಲೇ ಬರೆದಿರುತ್ತದೆ, ಕೈಯಲ್ಲಿ ಹಿಡಿದರೆ ತೂಕವೇ ಇರುವುದಿಲ್ಲ.

ಇಷ್ಟು ಆದರೆ ನಿಮ್ಮ ಫೋನ್ ಹೊಸದರ ಮುಂದೆ ಹೇಗೆ ನಿಲ್ಲುತ್ತದೆ? ಹಲವರು ಅಂದುಕೊಳ್ಳುವುದಕ್ಕಿಂತ ಚೆನ್ನಾಗಿಯೇ ನಿಲ್ಲುತ್ತದೆ. ಮಗ ಕಳಿಸುವುದು ಹತ್ತು ಹನ್ನೆರಡು ಸಾವಿರದ 5ಜಿ ಫೋನ್ ಆದರೆ, ಬಹುಪಾಲು ಅದರ ಪರದೆ ಎಚ್‌ಡಿ ಪ್ಲಸ್ ಎಲ್‌ಸಿಡಿ. ನಿಮ್ಮದು ಫುಲ್ ಎಚ್‌ಡಿ ಪ್ಲಸ್ ಅಮೋಲೆಡ್. ಎರಡನ್ನೂ ಪಕ್ಕಪಕ್ಕ ಇಟ್ಟು ಪತ್ರಿಕೆ ಓದಿ ನೋಡಿ, ನಿಮ್ಮದರ ಅಕ್ಷರವೇ ಚೂಪು. ಎರಡು ಸಿಮ್ ಜೊತೆಗೆ ಮೆಮೊರಿ ಕಾರ್ಡಿಗೂ ಬೇರೆ ಜಾಗ ಇದೆ, ಇಯರ್‌ಫೋನ್ ತೂತು ಇದೆ. ಹಗಲು ಬೆಳಕಿನಲ್ಲಿ ಫೋಟೊ ಇವತ್ತಿಗೂ ಚಂದ. ಸಂಜೆ ಮೇಲೆ ಮಾತ್ರ ಸೋಲುತ್ತದೆ, ಕೈ ಅಲುಗಿದ್ದನ್ನು ಲೆನ್ಸೇ ಸರಿದೂಗಿಸುವ ಓಐಎಸ್ ಅದರಲ್ಲಿಲ್ಲ. ಆಪ್ ತೆರೆಯುವುದು ನಿಧಾನ. ವಾಟ್ಸಾಪ್‌ನಲ್ಲಿ ಬಂದು ಬಿದ್ದಿರುವ ಶುಭೋದಯದ ಫೋಟೊ, ವಿಡಿಯೊ ಅಳಿಸಿ, ಕಾಲು ಭಾಗ ಜಾಗ ಖಾಲಿ ಇಟ್ಟರೆ ಅದೂ ಸುಧಾರಿಸುತ್ತದೆ.

5ಜಿ ಇಲ್ಲ, ನಿಜ. ನಮ್ಮ ದೇಶಕ್ಕೆ 5ಜಿ ಬಂದಿದ್ದೇ 2022ರ ಅಕ್ಟೋಬರ್ 1ರಂದು, ನಿಮ್ಮ ಫೋನ್ ಅದಕ್ಕಿಂತ ಎರಡು ವರ್ಷ ದೊಡ್ಡದು. ಮೊಮ್ಮಕ್ಕಳ ವಿಡಿಯೊ ಕಾಲಿಗೆ ಒಳ್ಳೆಯ 4ಜಿ ಸಾಕು. ತೋಟದಲ್ಲಿ ನಿಂತಾಗ 5ಜಿ ಸಿಗುತ್ತದೆಯೇ ಎಂದು ಪಕ್ಕದ ಮನೆಯವರ ಫೋನಿನಲ್ಲಿ ನೋಡಿ. ಅಲ್ಲೇ ಸಿಗದಿದ್ದರೆ ಅದಕ್ಕೋಸ್ಕರ ದುಡ್ಡು ಯಾಕೆ?

ಈಗ ಆ ಕೊನೆಯ ಸಾಲು, ಬ್ಯಾಂಕಿನ ಆಪ್ ಮತ್ತು ಯುಪಿಐ. ಎಂ31 ಬಂದದ್ದು ಫೋನನ್ನು ನಡೆಸುವ ಸಾಫ್ಟ್‌ವೇರ್ ಆಂಡ್ರಾಯ್ಡ್ 10ರ ಜೊತೆ, ಅಪ್‌ಡೇಟ್ ನಿಂತದ್ದು ಆಂಡ್ರಾಯ್ಡ್ 12ಕ್ಕೆ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ಗೆ ಹೋಗಿ, ‘ಸಾಫ್ಟ್‌ವೇರ್ ಇನ್‌ಫರ್ಮೇಶನ್’ ಒತ್ತಿ. ಸೆಕ್ಯುರಿಟಿ ಪ್ಯಾಚ್ ಅಂತ ಒಂದು ತಾರೀಕು ಕಾಣುತ್ತದೆ. ಕಳ್ಳರು ನುಗ್ಗಬಲ್ಲ ಸಾಫ್ಟ್‌ವೇರ್ ಕಿಂಡಿಗಳನ್ನು ಕಂಪನಿ ಕೊನೆಯದಾಗಿ ಮುಚ್ಚಿದ್ದು ಆವಾಗ. ಆಮೇಲೆ ಪತ್ತೆಯಾದ ಕಿಂಡಿಗಳಲ್ಲಿ ಹಲವು ನಿಮ್ಮ ಫೋನಿನಲ್ಲಿ ತೆರೆದೇ ಇರಬಹುದು.

ಇದು ಬರೀ ಮಾತಲ್ಲ. ಒಂದು ಸಂಜೆ ಹಾಲಿನ ವ್ಯಾನ್ ಓಡಿಸುವ ಅಣ್ಣ ಒಬ್ಬರು ಅಂಗಡಿಗೆ ಬಂದರು. ಫೋನ್ ತನ್ನಷ್ಟಕ್ಕೆ ಏನೇನೋ ಮಾಡುತ್ತಿದೆ ಅಂದರು. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ‘ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ’ ಅಂತ ಒಂದು ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರ ಹಾಕಿಕೊಳ್ಳುವ ಆಪ್, ಬಂದಿತ್ತು. ಡ್ರೈವರ್ ಅಲ್ವಾ, ಗಾಬರಿಯಾಗಿ ಒತ್ತಿದ್ದಾರೆ. ಅದು ಅಕ್ಸೆಸಿಬಿಲಿಟಿ ಅನುಮತಿ ಕೇಳಿದೆ, ಕೊಟ್ಟಿದ್ದಾರೆ. ಆ ಅನುಮತಿ ಸಿಕ್ಕಿದ ಆಪ್ ಪರದೆ ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಅವರ ಖಾತೆಯಲ್ಲಿದ್ದ ಮಗಳ ಕಾಲೇಜು ಫೀಸಿನ ದುಡ್ಡು ಹೋಗಿತ್ತು. ನಮ್ಮ ಅಂಗಡಿಯಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಅವರು ಸ್ಟೂಲಿನ ಮೇಲೆ ಕೂತು ಒಂದೇ ಸಮನೆ ಟೋಪಿಯನ್ನು ಮಡಚಿ ಬಿಡಿಸುತ್ತಿದ್ದರು.

2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ, ಹೀಗೆ ಹೊರಗಿನಿಂದ ಬಂದ ಎಪಿಕೆ ಆ ಅನುಮತಿ ಕೇಳಿದರೆ ಫೋನೇ ತಡೆಯುತ್ತದೆ. ಆ ತಡೆಯನ್ನೂ ದಾಟಿಸಲು ಮೋಸಗಾರರು ದಾರಿ ಹೇಳಿಕೊಡುತ್ತಾರೆ, ಹಾಗಾಗಿ ಹೊಸ ಫೋನಿನಲ್ಲೂ ಎಚ್ಚರ ಬೇಕು. ಆದರೂ ಗಾಬರಿಯಲ್ಲಿ ಒತ್ತುವ ಕೈಗೆ ಅದೊಂದು ಬಾಗಿಲು ಅಡ್ಡ ನಿಲ್ಲುತ್ತದೆ. ನಿಮ್ಮ ಫೋನಿನಲ್ಲಿ ಆ ಬಾಗಿಲೇ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಎಂ31ಕ್ಕೆ ಬ್ಯಾಟರಿ ಹಾಕಿಸಿ ಇಟ್ಟುಕೊಳ್ಳಿ. ಅಡಿಕೆ ಧಾರಣೆ ನೋಡಲು, ಫೋಟೊಗೆ, ಯೂಟ್ಯೂಬಿಗೆ ಅದು ಇನ್ನೂ ಬಾಳುತ್ತದೆ. ಪೆನ್ಷನ್ ಖಾತೆಯ ಆಪ್ ಮಾತ್ರ ಅದರಲ್ಲಿ ಬೇಡ, ಈ ವಾರವೇ ತೆಗೆಯಿರಿ. ಯುಪಿಐ ಬೇಕೇ ಬೇಕೆಂದರೆ ಒಂದೆರಡು ಸಾವಿರ ಮಾತ್ರ ಇಡುವ ಬೇರೆ ಖಾತೆಗೆ ಜೋಡಿಸಿ. ಮಗ ಹೊಸ ಫೋನ್ ಕೊಡಿಸುತ್ತಾನೆ ಅಂದರೆ ಬೇಡ ಅನ್ನಬೇಡಿ. ಆದರೆ ಅವನಿಗೆ ಮೆಗಾಪಿಕ್ಸೆಲ್ ನೋಡಬೇಡ, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ನೋಡು ಅನ್ನಿ. 2024ರಲ್ಲಿ ಬಂದ ಗ್ಯಾಲಕ್ಸಿ ಎ16 5ಜಿ ಅಂಥ ಮಧ್ಯಮ ಬೆಲೆಯ ಫೋನಿಗೇ ಆರು ವರ್ಷದ ಭರವಸೆ ಇದೆ. ಆ ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದ ಅಲ್ಲ, ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಆಫರಿನಲ್ಲಿ ಸಿಗುವ ಎರಡು ವರ್ಷ ಹಳೆಯ ಮಾಡೆಲ್ಲಿಗೆ ಎರಡು ವರ್ಷ ಆಗಲೇ ಕಳೆದಿರುತ್ತದೆ.

ಪ್ರಶ್ನೆ: ಅಕ್ಕಾ, ಹುಬ್ಬಳ್ಳಿಯಲ್ಲಿ ಡಿಗ್ರಿ ಓದ್ತಿದ್ದೀನಿ. ಸೆಕೆಂಡ್ ಹ್ಯಾಂಡ್ ಐಫೋನ್ ಎಕ್ಸ್‌ಆರ್ ಕಡಿಮೆಗೆ ಬಂದಿದೆ. ತಗೊಳ್ಳಲಾ?

ಉತ್ತರ: ಬೇಡ ತಮ್ಮಾ. ಅದು 2018ರ ಫೋನು. 2025ರಲ್ಲಿ ಬಂದ ಐಫೋನಿನ ಹೊಸ ಸಾಫ್ಟ್‌ವೇರ್ ಐಓಎಸ್ 26 ಅದಕ್ಕೆ ಸಿಗಲಿಲ್ಲ, ಅದರ ಮುಂದಿನ ವರ್ಷದ ಐಫೋನ್ 11ಕ್ಕೆ ಸಿಕ್ಕಿತು. ಮೇಷ್ಟ್ರು ಕೈಯಲ್ಲಿರುವುದನ್ನು ಉಳಿಸಿಕೊಳ್ಳುವ ಮಾತು ಬೇರೆ, ನೀನು ದುಡ್ಡು ಕೊಟ್ಟು ಹಳೆಯದನ್ನು ತರುವ ಮಾತು ಬೇರೆ. ಯಾವುದೇ ಹಳೆಯ ಐಫೋನ್ ನೋಡಿದರೂ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ನೋಡು, ಶೇಕಡ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ದುಡ್ಡು ಬೆಲೆಯಲ್ಲಿ ಕಳೆ. ಆಮೇಲೆ *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಬರೆದುಕೋ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸು. ಬ್ಲ್ಯಾಕ್‌ಲಿಸ್ಟ್ ಆಗಿದೆ, ಅಂದರೆ ನಿರ್ಬಂಧಿಸಿದ ಫೋನುಗಳ ಪಟ್ಟಿಯಲ್ಲಿದೆ ಅಂತ ಉತ್ತರ ಬಂದರೆ ಫೋನ್ ಮಾರುವವನ ಕೈಗೇ ಕೊಟ್ಟು ಬಾ.