ಶೀರ್ಷಿಕೆ ತಿದ್ದಿದರಷ್ಟೇ ಸಾಲದು

ಪ್ರಶ್ನೆ: ಸುದ್ದಿತಾಣವೊಂದು ಮಹಿಳಾ ಅಭ್ಯರ್ಥಿಯ ಭಾಷಣ ಬಿಟ್ಟು ಅವರ ಉಡುಪಿನ ಬಗ್ಗೆಯೇ ಬರೆದಿದೆ. ಇದರಿಂದ ಹೆಣ್ಣುಮಕ್ಕಳು ರಾಜಕೀಯಕ್ಕೆ ಬರಲು ಹಿಂಜರಿಯುತ್ತಾರೆಯೇ? ಏನು ಮಾಡಬಹುದು?

ಉತ್ತರ: ಖಂಡಿತ ಹಿಂಜರಿಯುತ್ತಾರೆ. ಹಲವು ದೇಶಗಳ ಸಂಸತ್ತುಗಳ ಸಂಘಟನೆಯಾದ ಅಂತರ-ಸಂಸದೀಯ ಒಕ್ಕೂಟ 2016ರಲ್ಲಿ 39 ದೇಶಗಳ 55 ಸಂಸದೆಯರನ್ನು ಮಾತನಾಡಿಸಿದಾಗ ಶೇ 80ಕ್ಕೂ ಹೆಚ್ಚು ಮಂದಿ ಮಾನಸಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದನ್ನು ನೋಡುತ್ತಾ ನಿಂತ ಮುಂದಿನ ಅಭ್ಯರ್ಥಿ ಅಲ್ಲೇ ಹಿಂದೆ ಸರಿಯುತ್ತಾಳೆ.

ಒಂದು ಸರಳ ಪರೀಕ್ಷೆ ಮಾಡಿ: ಶೀರ್ಷಿಕೆಯಲ್ಲಿ ಆಕೆಯ ಹೆಸರಿನ ಜಾಗಕ್ಕೆ ಪುರುಷ ಅಭ್ಯರ್ಥಿಯ ಹೆಸರು ಹಾಕಿ ಓದಿ. ವಿಚಿತ್ರ ಅನ್ನಿಸಿದರೆ ಶೀರ್ಷಿಕೆಯೇ ತಪ್ಪು.

ಮೊದಲು ಲಿಂಕ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಸಂಪಾದಕರಿಗೆ ಬರೆಯಿರಿ. ಬರೀ ಸಿಟ್ಟು ತೋಡಿಕೊಂಡ ಪತ್ರ ಮೂಲೆ ಸೇರುತ್ತದೆ. ಬದಲಿ ಶೀರ್ಷಿಕೆಯನ್ನು ನೀವೇ ಬರೆದುಕೊಡಿ. ಬಹಳಷ್ಟು ಜನ ಎಡವುವುದು ಇದರ ನಂತರ. ಪುಟದಲ್ಲಿ ತಿದ್ದಿದರೂ ವಾಟ್ಸ್ಆ್ಯಪ್‌ನಲ್ಲಿ ಆಗಲೇ ಹಂಚಿಕೆಯಾದ ಲಿಂಕ್‌ನ ಜೊತೆ ಹಳೆಯ ಶೀರ್ಷಿಕೆ, ಹಳೆಯ ಫೋಟೊ ಹಾಗೇ ಉಳಿಯುತ್ತವೆ. ಹಾಗಾಗಿ ಲಿಂಕ್ ಹಂಚಿದಾಗ ಕಾಣುವ ಶೀರ್ಷಿಕೆ, ಚಿತ್ರ, ಫೇಸ್‌ಬುಕ್ ಪೋಸ್ಟ್ ಮೂರನ್ನೂ ಬದಲಿಸಿ ತಿದ್ದುಪಡಿ ಪ್ರಕಟಿಸುವಂತೆ ಕೇಳಿ. ನಿಂದನೆಯ ಕಮೆಂಟ್‌ಗಳಿಗೆ ಉತ್ತರಿಸಬೇಡಿ, ರಿಪೋರ್ಟ್ ಮಾಡಿ. ಉತ್ತರಿಸಿದಷ್ಟೂ ಅವು ಮೇಲೇಳುತ್ತವೆ.