ಅರವತ್ತರ ದಶಕದ ಪುಟ್ಟ ದೇಶಗಳಿಗೆ ಸ್ವಂತ ವಿಮಾನ ಸಂಸ್ಥೆ ಏಕೆ ಬೇಕಾಗಿತ್ತು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. 1960ರ ಆಸುಪಾಸಿನಲ್ಲಿ ಸ್ವತಂತ್ರವಾದ ಘಾನಾದಂತಹ ದೇಶಗಳು ಶಾಲೆ, ಆಸ್ಪತ್ರೆಗಳಿಗೆ ಹಣ ಹೊಂದಿಸಲು ಪರದಾಡುತ್ತಿದ್ದಾಗಲೂ ದುಬಾರಿ ವಿಮಾನಗಳನ್ನು ಕೊಂಡು ರಾಷ್ಟ್ರೀಯ ವಿಮಾನ ಸಂಸ್ಥೆಗಳನ್ನು ಕಟ್ಟಿದ್ದು ಬರಿಯ ಪ್ರತಿಷ್ಠೆಗಾಗಿಯೇ ಎಂಬುದು ಒಂದು. ಅಂತಹ ಪುಟ್ಟ ಸಂಸ್ಥೆಗಳಲ್ಲಿ ಯಾವುದಾದರೂ ನಿಜವಾಗಿ ಗೆದ್ದಿತೇ ಎಂಬುದು ಇನ್ನೊಂದು. ವಿಮಾನಗಳ ದುರಸ್ತಿ ಮತ್ತು ನಿರ್ವಹಣೆಯ ಕೆಲಸದಲ್ಲಿ ಬಹುಕಾಲ ಕಳೆದವನಾದ್ದರಿಂದ ಈ ಚರಿತ್ರೆಯನ್ನು ನಾನು ಮಂತ್ರಿಗಳ ಭಾಷಣಗಳಿಗಿಂತ ಹೆಚ್ಚಾಗಿ ಹ್ಯಾಂಗರಿನ ಕಡೆಯಿಂದ ನೋಡುತ್ತೇನೆ. ಪ್ರತಿಷ್ಠೆಯ ಆಸೆ ಇದ್ದದ್ದು ನಿಜ. ಆದರೆ ಸಂಸ್ಥೆಯನ್ನು ಕಟ್ಟಲು ಗಟ್ಟಿಯಾದ ಕಾರಣವೂ ಇತ್ತು. ಕಟ್ಟಿದ ಮೇಲೆ ಅದು ಉಳಿಯಿತೋ ಮುಳುಗಿತೋ ಎಂಬುದು ಬಹುಮಟ್ಟಿಗೆ ಯಾವ ವಿಮಾನವನ್ನು ಯಾರ ಮಾತು ಕೇಳಿ ಕೊಂಡರು ಎಂಬುದನ್ನು ಅವಲಂಬಿಸಿತ್ತು.

ಮೊದಲು ಆ ಕಾರಣವನ್ನು ಹೇಳುತ್ತೇನೆ. 1944ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಸಹಿಯಾದ ಅಂತರರಾಷ್ಟ್ರೀಯ ಒಡಂಬಡಿಕೆಯ ಮೊದಲನೆಯ ವಿಧಿಯೇ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಸಾರ್ವಭೌಮತ್ವವಿದೆ ಎಂದು ಒಪ್ಪಿಕೊಂಡಿತು. ಆದ್ದರಿಂದ ಒಂದು ದೇಶದಿಂದ ಇನ್ನೊಂದಕ್ಕೆ ನಿಯಮಿತವಾಗಿ ಪ್ರಯಾಣಿಕರನ್ನು ಸಾಗಿಸಬೇಕಾದರೆ ಆ ಎರಡು ಸರ್ಕಾರಗಳು ಎದುರುಬದುರು ಕುಳಿತು ಒಪ್ಪಂದ ಮಾಡಿಕೊಳ್ಳಬೇಕಾಗಿತ್ತು. 1946ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ಬರ್ಮುಡಾದಲ್ಲಿ ಮಾಡಿಕೊಂಡ ಒಪ್ಪಂದವು ಮುಂದಿನವರಿಗೆಲ್ಲ ಮಾದರಿಯಾಯಿತು. ಇಂತಹ ಒಪ್ಪಂದದಲ್ಲಿ ಹಕ್ಕು ಎರಡೂ ಕಡೆಗೆ ಸಿಗುತ್ತದೆ. ಲಂಡನ್ನಿನಿಂದ ಘಾನಾದ ರಾಜಧಾನಿ ಅಕ್ರಾಕ್ಕೆ ಬ್ರಿಟಿಷ್ ಸಂಸ್ಥೆ ಹಾರಬಹುದಾದರೆ ಅಕ್ರಾದಿಂದ ಲಂಡನ್ನಿಗೆ ಘಾನಾದ ಸಂಸ್ಥೆಯೂ ಹಾರಬಹುದು. ಆದರೆ ಘಾನಾದ ಬಳಿ ಸಂಸ್ಥೆಯೇ ಇಲ್ಲದಿದ್ದರೆ ಅದರ ಪಾಲಿನ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ, ಆ ದೇಶದ ಅಧಿಕಾರಿಗಳು, ವ್ಯಾಪಾರಿಗಳು, ವಿದ್ಯಾರ್ಥಿಗಳು ಕೊಳ್ಳುವ ಪ್ರತಿಯೊಂದು ಟಿಕೆಟ್ಟಿನ ಹಣವೂ ವಿದೇಶಿ ವಿನಿಮಯದ ರೂಪದಲ್ಲಿ ಹೊರಗೆ ಹೋಗುತ್ತದೆ. ಇದರ ಜೊತೆಗೆ, ಅಂದಿನ ಅನೇಕ ಮಾರ್ಗಗಳಲ್ಲಿ ಎರಡೂ ದೇಶಗಳ ಸಂಸ್ಥೆಗಳು ಪೂಲ್ ಒಪ್ಪಂದ ಮಾಡಿಕೊಂಡು ಆದಾಯವನ್ನು ಒಂದೆಡೆ ಸೇರಿಸಿ ಹಂಚಿಕೊಳ್ಳುತ್ತಿದ್ದವು. ಆ ಪಂಕ್ತಿಯಲ್ಲಿ ಕೂರಬೇಕಾದರೆ ಸ್ವಂತ ಹೆಸರಿನ ಸಂಸ್ಥೆಯೊಂದು ಇರಲೇಬೇಕಾಗಿತ್ತು. ಇದನ್ನು ಬಿಟ್ಟು ಬರಿಯ ಬಾವುಟದ ಮೋಹವೆಂದು ನಗುವವರು ಲೆಕ್ಕದ ಅರ್ಧವನ್ನು ಮಾತ್ರ ನೋಡಿರುತ್ತಾರೆ.

ಆರಂಭಕ್ಕೆ ಬೇಕಾದ ವಿಮಾನವೂ ಅಗ್ಗವಾಗಿ ಸಿಗುತ್ತಿತ್ತು. ಎರಡನೆಯ ಮಹಾಯುದ್ಧಕ್ಕಾಗಿ 10,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸಿ-47, ಅಂದರೆ ನಮ್ಮವರು ಡಕೋಟಾ ಎಂದೇ ಕರೆಯುವ ವಿಮಾನ, ಯುದ್ಧ ಮುಗಿದೊಡನೆ ಹೇರಳವಾಗಿ ಮಾರಾಟಕ್ಕೆ ಬಂತು. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಆ ವರ್ಷಗಳಲ್ಲಿ ಸೇನೆಯ ಡಕೋಟಾಗಳನ್ನು ಬಿಚ್ಚಿ, ಸರಿಪಡಿಸಿ, ನಾಗರಿಕ ಸಂಸ್ಥೆಗಳ ಬಳಕೆಗೆ ಸಜ್ಜುಗೊಳಿಸುವ ಕೆಲಸ ಮಾಡಿತ್ತು. ಹುಲ್ಲುಗಾವಲಿನ ಮೇಲೂ ಇಳಿಯುವ, ಸಾಮಾನ್ಯ ಉಪಕರಣಗಳಿಂದ ದುರಸ್ತಿ ಮಾಡಬಹುದಾದ ಈ ವಿಮಾನವು 1960ರ ದಶಕದಲ್ಲಿಯೂ ನೇಪಾಳದಿಂದ ಸಮೋವಾದವರೆಗೆ ಸಣ್ಣ ಸಂಸ್ಥೆಗಳ ಬೆನ್ನೆಲುಬಾಗಿತ್ತು. ಕಷ್ಟ ಶುರುವಾಗುತ್ತಿದ್ದದ್ದು ಡಕೋಟಾದ ಮುಂದಿನ ಹೆಜ್ಜೆ ಇಡುವಾಗ.

ಘಾನಾವನ್ನೇ ತೆಗೆದುಕೊಳ್ಳಿ. 1957ರ ಮಾರ್ಚಿನಲ್ಲಿ ಸ್ವಾತಂತ್ರ್ಯ ಬಂತು, 1958ರ ಜುಲೈನಲ್ಲಿ ಘಾನಾ ಏರ್‌ವೇಸ್ ಹುಟ್ಟಿತು. ಮೊದಲಿಗೆ ಅದರಲ್ಲಿ ಬ್ರಿಟನ್ನಿನ ಬಿಒಎಸಿ ಸಂಸ್ಥೆಗೆ ಶೇಕಡಾ 40ರಷ್ಟು ಪಾಲಿತ್ತು, ಲಂಡನ್ ಮಾರ್ಗದ ವಿಮಾನವೂ ಆ ಸಂಸ್ಥೆಯಿಂದಲೇ ಬಾಡಿಗೆಗೆ ಬರುತ್ತಿತ್ತು. 1961ರಲ್ಲಿ ಅಧ್ಯಕ್ಷ ಎನ್‌ಕ್ರುಮಾ ಅವರ ಸರ್ಕಾರ ಆ ಪಾಲನ್ನು ಕೊಂಡುಕೊಂಡು ಸಂಸ್ಥೆಯನ್ನು ಪೂರ್ತಿ ತನ್ನದಾಗಿಸಿಕೊಂಡಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೇ ಹೊತ್ತಿಗೆ, ಪೂರ್ವ ಮತ್ತು ಪಶ್ಚಿಮ ಎರಡೂ ಬಣಗಳೊಂದಿಗೆ ಸಮಾನವಾಗಿ ನಡೆದುಕೊಳ್ಳುವ ರಾಜಕೀಯ ನಿಲುವಿನ ಭಾಗವಾಗಿ, ಸೋವಿಯತ್ ಒಕ್ಕೂಟದಿಂದ ಎಂಟು ಇಲ್ಯೂಷಿನ್-18 ವಿಮಾನಗಳನ್ನು ತರಿಸಿಕೊಂಡಿತು. ಇನ್ನೊಂದು ಕಡೆ ಬ್ರಿಟನ್ನಿನ ಹೊಚ್ಚಹೊಸ ವಿಸಿ-10 ಜೆಟ್‌ಗಳಿಗೂ ಬೇಡಿಕೆ ಸಲ್ಲಿಸಿತು.

ಇದರ ಪರಿಣಾಮವನ್ನು ಹ್ಯಾಂಗರಿನ ಒಳಗೆ ನಿಂತು ಊಹಿಸಿಕೊಳ್ಳಿ. ದಶಕದ ಮೊದಲ ಐದಾರು ವರ್ಷಗಳಲ್ಲಿ ಆ ಪುಟ್ಟ ಸಂಸ್ಥೆಯ ಕೈಯಲ್ಲಿ ಡಕೋಟಾ, ವೈಕೌಂಟ್, ಬ್ರಿಟಾನಿಯಾ, ಇಲ್ಯೂಷಿನ್-18, ವಿಸಿ-10 ಎಂಬ ಐದು ಬಗೆಯ ವಿಮಾನಗಳು ಓಡಾಡಿದವು. ಡಕೋಟಾದ್ದು ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಪಿಸ್ಟನ್ ಎಂಜಿನ್, ವೈಕೌಂಟಿನದು ರೋಲ್ಸ್ ರಾಯ್ಸ್ ಡಾರ್ಟ್, ಬ್ರಿಟಾನಿಯಾದ್ದು ಬ್ರಿಸ್ಟಲ್ ಪ್ರೋಟಿಯಸ್, ಇಲ್ಯೂಷಿನ್ನಿನದು ಸೋವಿಯತ್ತಿನ ಇವ್‌ಚೆಂಕೊ, ವಿಸಿ-10ರದು ರೋಲ್ಸ್ ರಾಯ್ಸ್ ಕಾನ್ವೇ. ಪ್ರತಿ ಎಂಜಿನ್ನಿಗೂ ಬೇರೆ ತರಬೇತಿ, ಬೇರೆ ಕೈಪಿಡಿ, ಬೇರೆ ಬಿಡಿಭಾಗಗಳ ದಾಸ್ತಾನು. ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು, ಸೋವಿಯತ್ತಿನವು ಮೆಟ್ರಿಕ್. ಸ್ಪ್ಯಾನರ್ ಪೆಟ್ಟಿಗೆಯೇ ಎರಡು ಬೇಕಾದ ಮೇಲೆ ಉಳಿದ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಮಾನವು ನೆಲದ ಮೇಲೆ ನಿಂತಿರುವ ಪ್ರತಿ ಗಂಟೆಯೂ ನಷ್ಟವೇ. ಐದು ಬಗೆಯ ವಿಮಾನಗಳಿರುವಲ್ಲಿ ಒಂದಲ್ಲ ಒಂದು ಯಾವುದೋ ಬಿಡಿಭಾಗಕ್ಕಾಗಿ ಕಾದು ನಿಂತೇ ಇರುತ್ತದೆ. ಇದೇ ಕಾಲದಲ್ಲಿ ನಮ್ಮ ಏರ್ ಇಂಡಿಯಾ 1962ರ ಜೂನ್ ವೇಳೆಗೆ ಹಳೆಯ ಸೂಪರ್ ಕಾನ್ಸ್‌ಟಲೇಷನ್‌ಗಳನ್ನು ಸೇವೆಯಿಂದ ತೆಗೆದು ಬೋಯಿಂಗ್ 707 ಒಂದನ್ನೇ ನೆಚ್ಚಿಕೊಂಡಿತ್ತು ಎಂಬುದನ್ನು ಹೋಲಿಸಿ ನೋಡಬಹುದು.

ಇಲ್ಯೂಷಿನ್‌ಗಳಿಗೆ ಸಾಕಷ್ಟು ಪ್ರಯಾಣಿಕರು ಸಿಗಲಿಲ್ಲ, ಬಹುಕಾಲ ಇಟ್ಟುಕೊಳ್ಳದೆ ಅವುಗಳನ್ನು ಸೋವಿಯತ್ತಿಗೇ ಹಿಂತಿರುಗಿಸಲಾಯಿತು. ವಿಸಿ-10ಗಳು ಮಾತ್ರ ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆಯೇ ಆಗಿದ್ದವು, ಏಕೆಂದರೆ ಬಿಸಿಲಿನ ನಾಡುಗಳ, ಎತ್ತರದ ಊರುಗಳ ಚಿಕ್ಕ ರನ್‌ವೇಗಳಿಗೆಂದೇ ಅದನ್ನು ರೂಪಿಸಿದ್ದರು. ತೊಂದರೆ ಇದ್ದದ್ದು ಅವುಗಳನ್ನು ತುಂಬಿಸುವಷ್ಟು ಪ್ರಯಾಣಿಕರು ಘಾನಾಕ್ಕೆ ಇಲ್ಲದಿದ್ದುದರಲ್ಲಿ. 1966ರ ಫೆಬ್ರುವರಿಯಲ್ಲಿ ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದಾಗ ಸೇನೆ ಅಧಿಕಾರ ಕಿತ್ತುಕೊಂಡಿತು. ಆಮೇಲೆ ಎರಡು ವಿಸಿ-10ಗಳಲ್ಲಿ ಒಂದನ್ನು ಲೆಬನಾನಿನ ಮಿಡ್ಲ್ ಈಸ್ಟ್ ಏರ್‌ಲೈನ್ಸಿಗೆ ಬಾಡಿಗೆಗೆ ಕೊಡಲಾಯಿತು. 1968ರ ಡಿಸೆಂಬರ್ 28ರ ರಾತ್ರಿ ಇಸ್ರೇಲಿನ ಕಮಾಂಡೋಗಳು ಬೈರೂತ್ ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿ ಅಲ್ಲಿ ನಿಂತಿದ್ದ ವಿಮಾನಗಳನ್ನು ಸ್ಫೋಟಿಸಿದಾಗ, ಯಾವ ಜಗಳದಲ್ಲೂ ಇಲ್ಲದ ಘಾನಾದ ಆ ವಿಮಾನವೂ ಸುಟ್ಟುಹೋಯಿತು.

ಇಥಿಯೋಪಿಯಾದ ದಾರಿ ಬೇರೆ. ಚಕ್ರವರ್ತಿ ಹೈಲೆ ಸೆಲಾಸಿಯವರ ಸರ್ಕಾರ 1945ರಲ್ಲಿಯೇ ಅಮೆರಿಕದ ಟಿಡಬ್ಲ್ಯುಎ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ಸಂಸ್ಥೆಯನ್ನು ತನ್ನದಾಗಿಯೇ ಇಟ್ಟುಕೊಂಡು, ದೈನಂದಿನ ಆಡಳಿತ ಮತ್ತು ತರಬೇತಿಯನ್ನು ಮಾತ್ರ ಅವರಿಗೆ ಒಪ್ಪಿಸಿತು. 1946ರ ಏಪ್ರಿಲ್ 8ರಂದು ಆಡಿಸ್ ಅಬಾಬಾದಿಂದ ಅಸ್ಮಾರಾ ಮಾರ್ಗವಾಗಿ ಕೈರೋಗೆ ಮೊದಲ ಡಕೋಟಾ ಹಾರಿತು. ಆ ಡಕೋಟಾಗಳ ಒಳಗೆ ಸಾಲು ಕುರ್ಚಿಗಳಿರಲಿಲ್ಲ. ಎರಡೂ ಗೋಡೆಗಳ ಉದ್ದಕ್ಕೆ ಬೆಂಚುಗಳಿದ್ದವು, ನಡುವೆ ಸರಕು, ಅದರ ಆಚೆ ಈಚೆ ಮುಖಾಮುಖಿಯಾಗಿ ಪ್ರಯಾಣಿಕರು. ರಸ್ತೆಯೇ ಇಲ್ಲದ ಬೆಟ್ಟದ ನಾಡಿನಲ್ಲಿ ಕಾಫಿಯನ್ನೂ ಜನರನ್ನೂ ಒಂದೇ ಹಾರಾಟದಲ್ಲಿ ಸಾಗಿಸುವ ಈ ವ್ಯವಸ್ಥೆಗೆ ನಿಜವಾದ ಗಿರಾಕಿಗಳಿದ್ದರು. ತರಬೇತಿಯೂ ಹೆಸರಿಗಷ್ಟೇ ಆಗಲಿಲ್ಲ. ಅಲೆಮಾಯೆಹು ಅಬೆಬೆ 1957ರಲ್ಲಿ ಸಂಸ್ಥೆಯ ಮೊದಲ ಇಥಿಯೋಪಿಯನ್ ಕ್ಯಾಪ್ಟನ್ ಆದರು, 1971ರಲ್ಲಿ ಮುಖ್ಯಸ್ಥನ ಸ್ಥಾನಕ್ಕೂ ಇಥಿಯೋಪಿಯದವರೇ ಬಂದರು.

ಜೆಟ್ ಕೊಳ್ಳುವ ಸಮಯ ಬಂದಾಗ ಇಥಿಯೋಪಿಯದವರು ಮೊದಲು ನೋಡಿದ್ದು ತಮ್ಮ ನೆಲವನ್ನು. ಆಡಿಸ್ ಅಬಾಬಾ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಅಂದರೆ ಬೆಂಗಳೂರಿನ ಎರಡೂವರೆ ಪಟ್ಟು ಎತ್ತರ. ಅಷ್ಟು ಮೇಲೆ ಗಾಳಿ ತೆಳುವಾಗಿರುವುದರಿಂದ ಎಂಜಿನ್ನಿನ ಬಲ ಕುಗ್ಗುತ್ತದೆ, ರೆಕ್ಕೆಗಳು ಭಾರವನ್ನು ಎತ್ತಬೇಕಾದರೆ ವಿಮಾನ ನೆಲದ ಮೇಲೆ ಇನ್ನಷ್ಟು ವೇಗವಾಗಿ, ಇನ್ನಷ್ಟು ದೂರ ಓಡಬೇಕಾಗುತ್ತದೆ. ಹಳೆಯ ಲಿಡೆಟಾ ನಿಲ್ದಾಣ ಇದಕ್ಕೆ ಆಗುತ್ತಿರಲಿಲ್ಲವಾದ್ದರಿಂದ ಬೋಲೆಯಲ್ಲಿ ಉದ್ದನೆಯ ರನ್‌ವೇಯ ಹೊಸ ನಿಲ್ದಾಣ ಕಟ್ಟಲಾಯಿತು. ಆಯ್ಕೆಯಾದ ವಿಮಾನ ಬೋಯಿಂಗ್ 720ಬಿ: 707ಕ್ಕಿಂತ ಹಗುರವಾದ, ಟರ್ಬೊಫ್ಯಾನ್ ಎಂಜಿನ್‌ಗಳಿಂದಾಗಿ ಮೇಲೇರುವಾಗ ಹೆಚ್ಚು ಬಲ ತೋರುವ ಮಾದರಿ. 1962ರ ಕೊನೆಯಲ್ಲಿ ಇಂತಹವು ಎರಡೇ ಎರಡು ಬಂದವು. ಕೊಂಡದ್ದು ಎರಡೇ ಎಂಬ ಸಂಗತಿಯನ್ನು ನಾನು ಅವರ ಜಾಣತನದ ಗುರುತೆಂದೇ ಎಣಿಸುತ್ತೇನೆ.

ಒಂದೊಂದೇ ದೇಶಕ್ಕೆ ಭಾರವಾಗುವುದನ್ನು ಹಲವು ದೇಶಗಳು ಸೇರಿ ಹೊರಬಹುದಲ್ಲವೇ ಎಂದು ನೀವು ಕೇಳಬಹುದು. ಹಾಗೆ ಮಾಡಿದವರೂ ಇದ್ದರು. 1961ರ ಮಾರ್ಚಿನಲ್ಲಿ ಕ್ಯಾಮರೂನಿನ ರಾಜಧಾನಿ ಯಾವುಂಡೆಯಲ್ಲಿ ಫ್ರೆಂಚ್ ಆಡಳಿತದಿಂದ ಬಿಡುಗಡೆಯಾದ 11 ದೇಶಗಳು ತಲಾ ಶೇಕಡಾ 6ರಂತೆ ಪಾಲು ಹಾಕಿ, ಉಳಿದ ಶೇಕಡಾ 34ನ್ನು ಫ್ರೆಂಚ್ ಪಾಲುದಾರರಿಗೆ ಬಿಟ್ಟು ಏರ್ ಆಫ್ರಿಕ್ ಸಂಸ್ಥೆಯನ್ನು ಕಟ್ಟಿದವು. ಅದು 2002ರವರೆಗೆ ಬಾಳಿತು. ಮುಂಬಯಿಗೂ ವಿಮಾನ ಕಳಿಸುತ್ತಿದ್ದ ಈಸ್ಟ್ ಆಫ್ರಿಕನ್ ಏರ್‌ವೇಸ್ ಕೆನ್ಯಾ, ಉಗಾಂಡಾ ಮತ್ತು ಟಾಂಜಾನಿಯಾಗಳ ಜಂಟಿ ಆಸ್ತಿಯಾಗಿತ್ತು. ಮೂವರ ನಡುವೆ ಮನಸ್ತಾಪ ಬೆಳೆದು 1977ರಲ್ಲಿ ಅದು ಮುಚ್ಚಿಹೋಯಿತು. ಈ ಉಪಾಯದಲ್ಲಿ ಲೆಕ್ಕಾಚಾರದ ದೋಷವಿರಲಿಲ್ಲ, ಸರ್ಕಾರಗಳ ನಡುವಿನ ಒಗ್ಗಟ್ಟು ವಿಮಾನದ ಆಯುಷ್ಯದಷ್ಟು ಕಾಲ ಬಾಳುತ್ತಿರಲಿಲ್ಲ ಅಷ್ಟೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಗೆದ್ದವರಲ್ಲಿ ನನಗೆ ಬಹಳ ಸ್ವಾರಸ್ಯವೆನಿಸುವುದು ಐಸ್‌ಲ್ಯಾಂಡಿನ ಲಾಫ್ತ್‌ಲೇದಿರ್. 1960ರಲ್ಲಿ ಎರಡು ಲಕ್ಷ ಜನರೂ ಇಲ್ಲದ ಆ ದೇಶದಲ್ಲಿ ಮೂವರು ತರುಣ ಪೈಲಟ್‌ಗಳು 1944ರಲ್ಲಿ ಒಂದು ಪುಟ್ಟ ವಿಮಾನದಿಂದ ಆರಂಭಿಸಿದ ಸಂಸ್ಥೆ ಅದು. ಅದರ ಗೆಲುವು ಅರ್ಥವಾಗಬೇಕಾದರೆ ಅಂದಿನ ಟಿಕೆಟ್ ದರದ ಪದ್ಧತಿಯನ್ನು ತಿಳಿಯಬೇಕು. ಅಟ್ಲಾಂಟಿಕ್ ದಾಟುವ ದೊಡ್ಡ ಸಂಸ್ಥೆಗಳೆಲ್ಲ ಐಎಟಿಎ ಒಕ್ಕೂಟದಲ್ಲಿ ಕೂಡಿ ಒಂದೇ ದರ ನಿಗದಿಪಡಿಸುತ್ತಿದ್ದವು. ದರ ಮಾತ್ರವಲ್ಲ, ಕೊಡುವ ಊಟವನ್ನೂ. 1958ರಲ್ಲಿ ಕಡಿಮೆ ದರದ ಎಕಾನಮಿ ತರಗತಿ ಬಂದಾಗ ಅದರ ಪ್ರಯಾಣಿಕರಿಗೆ ಸ್ಯಾಂಡ್‌ವಿಚ್ ಮಾತ್ರ ಎಂಬ ನಿಯಮವಾಗಿತ್ತು. ಸ್ಕ್ಯಾಂಡಿನೇವಿಯದವರು ಒಂದೇ ಹೋಳು ಬ್ರೆಡ್ಡಿನ ಮೇಲೆ ಭರ್ಜರಿ ಊಟವನ್ನೇ ಪೇರಿಸಿ ಕೊಡತೊಡಗಿದಾಗ ಅಮೆರಿಕದ ಪ್ಯಾನ್ ಆಮ್ ಸಂಸ್ಥೆ ದೂರು ಕೊಟ್ಟಿತು, ಸ್ಯಾಂಡ್‌ವಿಚ್ ಎಂದರೆ ಸರಳವಾಗಿ, ತಣ್ಣಗೆ, ಬ್ರೆಡ್ಡು ಎದ್ದು ಕಾಣುವಂತೆ ಇರಬೇಕೆಂದು ಒಕ್ಕೂಟ ತೀರ್ಪು ನೀಡಬೇಕಾಯಿತು.

ಲಾಫ್ತ್‌ಲೇದಿರ್ ಈ ಕೂಟದ ಹೊರಗೆ ನಿಂತಿತು. ಅಮೆರಿಕ ಮತ್ತು ಐಸ್‌ಲ್ಯಾಂಡ್ 1945ರಲ್ಲಿ ಮಾಡಿಕೊಂಡಿದ್ದ ಒಪ್ಪಂದ ಅದಕ್ಕೆ ಕಡಿಮೆ ದರದಲ್ಲಿ ನ್ಯೂಯಾರ್ಕಿಗೆ ಹಾರಲು ಅವಕಾಶ ಕೊಟ್ಟಿತ್ತು. ಯೂರೋಪಿನ ತುದಿಯಲ್ಲಿ ಅದು ಆರಿಸಿಕೊಂಡದ್ದು ಲಕ್ಸೆಂಬರ್ಗ್. ಕಾಪಾಡಿಕೊಳ್ಳಲು ತನ್ನದೇ ಅಟ್ಲಾಂಟಿಕ್ ಸಂಸ್ಥೆಯಿಲ್ಲದ ಆ ಪುಟ್ಟ ದೇಶ 1955ರಲ್ಲಿ ಸಂತೋಷವಾಗಿ ಬಾಗಿಲು ತೆರೆಯಿತು. ತಮ್ಮ ಎಸ್‌ಎಎಸ್ ಸಂಸ್ಥೆಯನ್ನು ಉಳಿಸಿಕೊಳ್ಳಬೇಕಾಗಿದ್ದ ಸ್ಕ್ಯಾಂಡಿನೇವಿಯಾದ ಸರ್ಕಾರಗಳು ಇದೇ ಲಾಫ್ತ್‌ಲೇದಿರ್ ಮೇಲೆ ನಿರ್ಬಂಧ ಹೇರುತ್ತಲೇ ಇದ್ದವು. ಉಳಿದವರೆಲ್ಲ ಜೆಟ್‌ಗಳ ಹಿಂದೆ ಬಿದ್ದಿದ್ದ 1964ರಲ್ಲಿ ಇವರು ಕೊಂಡದ್ದು ಕೆನಡಾದ ಸಿಎಲ್-44 ಎಂಬ ಪ್ರೊಪೆಲ್ಲರ್ ವಿಮಾನ. ಬ್ರಿಟಾನಿಯಾದಿಂದ ಬೆಳೆದು ಬಂದ ಈ ಮಾದರಿಗೆ ನಾಲ್ಕು ರೋಲ್ಸ್ ರಾಯ್ಸ್ ಟೈನ್ ಎಂಜಿನ್‌ಗಳಿದ್ದವು. ಮೂಲತಃ ಸರಕು ಸಾಗಣೆಗೆಂದು ರೂಪುಗೊಂಡಿದ್ದರಿಂದ ಬಾಲವನ್ನೇ ಬಾಗಿಲಿನಂತೆ ಪಕ್ಕಕ್ಕೆ ತಿರುಗಿಸಿ ತೆರೆಯಬಹುದಾಗಿತ್ತು. ಮುಂದೆ ಅದರ ಒಡಲನ್ನು ಉದ್ದಗೊಳಿಸಿ 189 ಆಸನಗಳನ್ನು ಹಾಕಿಸಿದರು, ಜಾಹೀರಾತುಗಳಲ್ಲಿ ರೋಲ್ಸ್ ರಾಯ್ಸ್ 400 ಎಂದು ಕರೆದರು. ಜೆಟ್ಟಿಗಿಂತ ನಿಧಾನ, ಐಸ್‌ಲ್ಯಾಂಡಿನಲ್ಲಿ ಇಳಿದು ಹೋಗಬೇಕು, ಆದರೆ ಕೈಯಲ್ಲಿ ಕಾಸು ಕಡಿಮೆಯಿರುವ ಅಮೆರಿಕದ ವಿದ್ಯಾರ್ಥಿಗೆ ಆ ಗಂಟೆಗಳು ಲೆಕ್ಕಕ್ಕಿರಲಿಲ್ಲ. ಹಿಪ್ಪಿಗಳ ವಿಮಾನ ಎಂಬ ಅಡ್ಡಹೆಸರು ಬಂದದ್ದು ಹೀಗೆ.

ಇತರ ಪುಟ್ಟ ದೇಶಗಳು ಇದನ್ನು ಏಕೆ ಅನುಕರಿಸಲಿಲ್ಲ ಎಂದರೆ, ಅಂತಹ ಒಪ್ಪಂದವೂ ಇಲ್ಲ, ಎರಡು ಶ್ರೀಮಂತ ಖಂಡಗಳ ನಡುವಿನ ಆ ಜಾಗವೂ ಇಲ್ಲ. ಐಸ್‌ಲ್ಯಾಂಡಿನವರಿಗೂ ಆ ಅನುಕೂಲ ಶಾಶ್ವತವಾಗಿರಲಿಲ್ಲ. 1970ರ ದಶಕದ ಆರಂಭದಲ್ಲಿ ಇಡಿಯಾಗಿ ಬಾಡಿಗೆಗೆ ಹಿಡಿಯುವ ಚಾರ್ಟರ್ ವಿಮಾನಗಳು ಹೆಚ್ಚಿದವು, ದೊಡ್ಡ ಸಂಸ್ಥೆಗಳೂ ಯುವಜನರಿಗೆ ರಿಯಾಯಿತಿ ದರ ಕೊಡತೊಡಗಿದವು. ಲಾಫ್ತ್‌ಲೇದಿರ್ ಕೊನೆಗೆ ಡಿಸಿ-8 ಜೆಟ್‌ಗಳನ್ನು ತರಿಸಿಕೊಂಡು, 1973ರಲ್ಲಿ ದೇಶದ ಇನ್ನೊಂದು ಸಂಸ್ಥೆಯೊಂದಿಗೆ ವಿಲೀನವಾಯಿತು. ಇಂದಿನ ಐಸ್‌ಲ್ಯಾಂಡೇರ್ ಆ ವಿಲೀನದಿಂದ ಬೆಳೆದ ಸಂಸ್ಥೆ.